ಎಲ್ಲಿಗೆ ಎಂದು ಕೇಳದ ಮನೆ

ನಮ್ಮ ಮನೆಯಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ನಮ್ಮ ಮನೆಯಲ್ಲಷ್ಟೇ ಏಕೆ, ನಿಜಲಿಂಗಪ್ಪ ಬಡಾವಣೆಯ ನಮ್ಮ ಬೀದಿಯಲ್ಲಿ ಹಿರಿಯರಿರುವ ಯಾವ ಮನೆಯಲ್ಲೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹೊರಡುವವರು “ಹೋಗ್ತೀನಿ” ಅನ್ನಬಾರದು, “ಬರ್ತೀನಿ” ಅನ್ನಬೇಕು. ಒಳಗಿರುವವರು “ಹೂಂ, ಬಾ” ಅನ್ನಬೇಕು. ತೀರಾ ತಡೆಯಲಾರದಿದ್ದರೆ “ದೂರನಾ?” ಎಂದು ಕೇಳಬಹುದು. ಅದಕ್ಕೆ ಉತ್ತರ ಯಾವಾಗಲೂ ಒಂದೇ, “ಇಲ್ಲೇ.” ಕಾಶಿಗೆ ಹೊರಟರೂ ಇಲ್ಲೇ, ಕಾಯಿಪಲ್ಯಕ್ಕೆ ಹೊರಟರೂ ಇಲ್ಲೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮಾವನವರನ್ನು ಒಮ್ಮೆ ಕೇಳಿಬಿಟ್ಟಿದ್ದೆ. ಅವರು ಚಪ್ಪಲಿ ಬಿಚ್ಚಿ ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಟರು. ಬೈಯಲಿಲ್ಲ. ಅತ್ತೆ ಮಾತ್ರ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು, “ಹೊಂಟೋರ್ನ ಎಲ್ಲಿಗೆ ಅಂತ ಕೇಳಬಾರ್ದವ್ವ. ನಿಮ್ಮ ತೌರಾಗ ಹೇಳಿಕೊಟ್ಟಿಲ್ಲೇನು?” ಅಂದರು. ತವರಿನಲ್ಲೂ ಹೇಳಿಕೊಟ್ಟಿದ್ದರು, ನಾನೇ ಮರೆತಿದ್ದೆ.

ನನ್ನ ಗಂಡನದು ಪಂಪು ಪೈಪುಗಳ ಅಂಗಡಿ. ನಲವತ್ತು ದಾಟಿದ ಮೇಲೆ ಅವರಿಗೆ ಜೀಪಿನ ಹುಚ್ಚು ಹಿಡಿಯಿತು. ನಾಲ್ಕು ಗಾಲಿಗೂ ಎಳೆತ ಇರುವಂಥ, ಬಟ್ಟೆಯ ಟಾಪಿನ ಕಪ್ಪು ಜೀಪು. ಡಾಂಬರು ರಸ್ತೆಯಲ್ಲಿ ಮುನಿಸಿಕೊಂಡು ನಡೆದು, ಕೆಸರು ಕಂಡರೆ ಕುಣಿಯುವ ಅದನ್ನು ನಾನು ಎಮ್ಮೆ ಎನ್ನುತ್ತಿದ್ದೆ. ಭಾನುವಾರ ಬಂತೆಂದರೆ ಒಬ್ಬ ಹಲ್ಲಿನ ಡಾಕ್ಟರು, ಇನ್ನಿಬ್ಬರು ಅಂಗಡಿಯವರು, ಎಲ್ಲರೂ ತಮ್ಮ ತಮ್ಮ ಎಮ್ಮೆ ಹೊಡೆದುಕೊಂಡು ಕೊಂಡಜ್ಜಿ ಗುಡ್ಡದ ಕಡೆಗೆ ಹೋಗಿ, ರಸ್ತೆ ಇಲ್ಲದ ಕಡೆಯೇ ಹತ್ತಿ ಇಳಿದು, ಮೈತುಂಬ ಮಣ್ಣು ಮಾಡಿಕೊಂಡು ಮಕ್ಕಳ ಹಾಗೆ ನಗುತ್ತಾ ಮನೆಗೆ ಬರುತ್ತಿದ್ದರು. ಗಾಡಿ ತಂದ ದಿನ ಅತ್ತೆ ಬಾನೆಟ್ಟಿಗೆ ವಿಭೂತಿ ಎಳೆದು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದಿದ್ದರು. ಜೀಪಿಗೆ ಸೀಟ್ ಬೆಲ್ಟೂ ಇತ್ತು. ಹಾಕಿಕೊಂಡರೆ ಮಜಾ ಇರುವುದಿಲ್ಲವೆಂದು ಅದನ್ನು ಸೀಟಿನ ಹಿಂದಕ್ಕೆ ತುರುಕಿದ್ದರು. ನಾನು ಒಂದೆರಡು ಸಲ ಹೇಳಿದೆ, ಆಮೇಲೆ ನನಗೂ ಸಾಕಾಯಿತು.

ಚಳಿಗಾಲದ ಒಂದು ಭಾನುವಾರ. ಗೆಳೆಯರೆಲ್ಲ ಯಾವುದೋ ಮದುವೆಗೆ ಹೋಗಿದ್ದರು. ಇವರು ಸುಮ್ಮನೆ ಕೂತಿರಲಾರದೆ ಬೀಗದ ಕೈ ತೆಗೆದುಕೊಂಡರು. ನಾನು ರೊಟ್ಟಿ ತಟ್ಟುತ್ತಿದ್ದವಳು ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ನಡುಮನೆಗೆ ಬಂದೆ. ಬಾಯಿ ತೆರೆದೆ. ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ತಾವೇ, “ದೂರನೇನಪ್ಪ?” ಅಂದರು.

“ಇಲ್ಲೇ ಅವ್ವ. ಊಟಕ್ಕೆ ಬರ್ತೀನಿ.”

“ಹೂಂ, ಬಾ.”

ಊಟಕ್ಕೆ ಬರಲಿಲ್ಲ. ಫೋನು ಮೊದಲು ರಿಂಗಾಗುತ್ತಿತ್ತು, ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಅದೂ ನಿಂತುಹೋಯಿತು. ಮದುವೆಯಿಂದ ಹಾಗೇ ಎದ್ದು ಬಂದ ಗೆಳೆಯರು, “ಎಲ್ಲಿಗೆ ಅಂತ ಹೇಳಿದ್ರು?” ಎಂದು ಕೇಳಿದರು. ಅತ್ತೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಜೀಪು ಅಂದರೆ ಗುಡ್ಡ ಎಂದು ಎಲ್ಲರೂ ಕೊಂಡಜ್ಜಿಯ ಕಡೆಗೇ ಹೋದರು. ಪೊಲೀಸರನ್ನೂ ಅಲ್ಲಿಗೇ ಕರೆದೊಯ್ದರು. ಬಂಡೆ ಬಂಡೆ ಹುಡುಕಿದರು. ಇವರು ಹೋಗಿದ್ದು ಬೇರೆಯೇ ದಿಕ್ಕಿಗೆ, ಹರಿಹರದಾಚೆ ತುಂಗಭದ್ರೆಯ ಮರಳಿಗೆ. ಹೊಳೆ ಇಳಿದಿತ್ತು, ಮರಳಿನಲ್ಲಿ ಒಬ್ಬರೇ ಒಂದು ಕೈ ನೋಡೋಣ ಅನ್ನಿಸಿರಬೇಕು. ಮರಳು ತೆಗೆದ ಗುಂಡಿಯೊಂದರ ಅಂಚಿನಲ್ಲಿ ಗಾಡಿಯನ್ನು ಅಡ್ಡಕ್ಕೆ ತಿರುಗಿಸಿದ್ದಾರೆ. ಅಂಚು ಕುಸಿದಿದೆ, ಜೀಪು ಮಗ್ಗುಲಿಗೆ ಉರುಳಿದೆ. ಬೆಲ್ಟಿಲ್ಲದ ಇವರು ಹೊರಗೆ ಬಿದ್ದು ಅದರ ಕೆಳಗೆ ಸಿಕ್ಕಿದ್ದಾರೆ. ಮರುದಿನ ಬೆಳಿಗ್ಗೆ ಕುರಿ ಕಾಯುವವರು ನೋಡಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರೊಬ್ಬರು ತಗ್ಗಿದ ದನಿಯಲ್ಲಿ ಹೇಳಿದರು, ಬಿದ್ದ ತಕ್ಷಣ ಹೋದ ಜೀವ ಅಲ್ಲಮ್ಮ ಇದು, ಮಧ್ಯಾಹ್ನ ದಾಟುವವರೆಗೂ ಇದ್ದಿರಬೇಕು ಎಂದು. ಕೇಳಿಸಿಕೊಂಡದ್ದು ನಾನು ಮತ್ತು ಹಲ್ಲಿನ ಡಾಕ್ಟರು. ಅತ್ತೆಗೆ ನಾವು ಹೇಳಿದ್ದು ಬೇರೆ. ತಕ್ಷಣ ಹೋಗಿಬಿಟ್ಟರು, ನೋವೇ ಗೊತ್ತಾಗಿಲ್ಲ ಎಂದೆವು.

ಮಣ್ಣು ಮಾಡಲು ಹೊರಗೆ ಎತ್ತಿಕೊಂಡಾಗ ಅತ್ತೆ ಹೊಸಿಲು ಹಿಡಿದು ಕೂಗಿದರು. “ಎಲ್ಲಿಗೆ ಹೊಂಟ್ಯೋ ನನ್ನಪ್ಪಾ, ಎಲ್ಲಿಗೆ ಹೊಂಟ್ಯೋ!” ಹೆಂಗಸರೆಲ್ಲ ಗೊಳೋ ಎಂದರು. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಈಗ ಕೇಳ್ತೀರಾ ಎಂದು ಅವರ ಭುಜ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಅವರೇ ನನಗೆ ಎಷ್ಟು ಸಲ ಹೇಳಿಲ್ಲ? ಯಾರೋ ನನ್ನನ್ನು ಹಿಡಿದುಕೊಂಡರು, ದುಃಖದಿಂದ ನಡುಗುತ್ತಿದ್ದೇನೆಂದು ತಿಳಿದು.

ಆಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಮಾವನವರು ತೀರಿಕೊಂಡು ವರ್ಷಗಳಾಗಿದ್ದವು, ನಮಗೆ ಮಕ್ಕಳಿಲ್ಲ. ನಾನು ಅಂಗಡಿಗೆ ಹೋಗತೊಡಗಿದೆ. ಹೊರಡುವಾಗ “ಬರ್ತೀನಿ” ಎನ್ನುತ್ತಿದ್ದೆ, ಅತ್ತೆ “ಹೂಂ, ಬಾ” ಎನ್ನುತ್ತಿದ್ದರು. ದಿನಕ್ಕೆ ಅಷ್ಟೇ ಮಾತು. ಒಂದೇ ತಪ್ಪಲೆಯ ಸಾರು ಉಣ್ಣುತ್ತಾ ಎರಡು ಊರಲ್ಲಿದ್ದಂತೆ ಇದ್ದೆವು.

ಜೀಪನ್ನು ಪೊಲೀಸರು ಬಿಟ್ಟುಕೊಟ್ಟಾಗ ನೆಂಟರೆಲ್ಲ ಅದನ್ನು ಗುಜರಿಗೆ ಹಾಕು ಎಂದರು. ಮನೆ ಮುರಿದ ಗಾಡಿ, ಅಂಗಳದಲ್ಲಿ ನಿಲ್ಲಿಸಬಾರದು ಎಂದರು. ಅತ್ತೆ ಒಪ್ಪಲಿಲ್ಲ. “ಅದೇನ್ ಮಾಡೈತೆ ಪಾಪ” ಎಂದು ಅದಕ್ಕೆ ಹಳೆಯ ಜಮಖಾನ ಹೊದಿಸಿದರು. ಬೇಸಿಗೆ ಕಳೆದು, ಮಳೆಗಾಲ ಕಳೆದು, ಒಂದು ದಿನ ನಾನು ಊಟಕ್ಕೆ ಕೂತಾಗ ಎದುರಿಗೆ ಬಂದು ಕೂತರು.

“ನಾನು ಆ ಜಾಗ ನೋಡಬೇಕು.”

ಯಾವ ಜಾಗ ಎಂದು ನಾನು ಕೇಳಲಿಲ್ಲ. ಕೇಳದಿರುವುದು ಅಷ್ಟು ಹೊತ್ತಿಗೆ ನನಗೂ ಅಭ್ಯಾಸವಾಗಿತ್ತು.

“ಅಲ್ಲಿಗೆ ದಾರಿ ಇಲ್ರಿ ಅತ್ತೆ. ಆಟೋ ಬರಂಗಿಲ್ಲ, ಕಾರು ಹೂತ್ಕೊಂತೈತೆ. ನಿಮ್ಮ ಮಂಡಿ ಹಿಡ್ಕೊಂಡು ಮರಳಾಗ ಹೆಂಗೆ ನಡೀತೀರಿ? ಹಲ್ಲಿನ ಡಾಕ್ಟ್ರು ತಮ್ಮ ಗಾಡ್ಯಾಗ ಕರ್ಕೊಂಡು ಹೋಗ್ತಾರೆ, ಕೇಳ್ತೀನಿ ಬೇಕಾದ್ರೆ.”

“ಅವನ ಗಾಡಿ ನಂಗ್ ಬ್ಯಾಡ. ಅವ್ರೆಲ್ಲ ಸೇರಿ ಕಲಿಸಿದ್ದು ಈ ಹುಚ್ಚು. ನನ್ನ ಮಗನ ಗಾಡ್ಯಾಗ ಹೋಗ್ತೀನಿ. ನೀನು ಹೊಡಿ.”

ನಾನು ಒಪ್ಪಿದೆ. ಕರುಣೆಯಿಂದ ಒಪ್ಪಿದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಕರುಣೆಯಲ್ಲ. ನೋಡಲಿ ಎಂದೇ ಅನ್ನಿಸಿತ್ತು. ತುಟಿಯ ಮೇಲಿಟ್ಟ ಆ ಒಂದು ಬೆರಳು ಏನು ಮಾಡಿತೆಂದು ಕಣ್ಣಾರೆ ನೋಡಲಿ. ನಿಟ್ಟುವಳ್ಳಿಯ ಗ್ಯಾರೇಜಿಗೆ ಜೀಪನ್ನು ಎಳೆಸಿಕೊಂಡು ಹೋಗಿ, ಜಜ್ಜಿದ್ದನ್ನು ನೆಟ್ಟಗೆ ಮಾಡಿಸಿ, ಉರುಳಿದರೂ ಕಾಯುವಂತೆ ತಲೆಯ ಮೇಲೆ ದಪ್ಪ ಕಬ್ಬಿಣದ ಕಮಾನು ಹಾಕಿಸಿ, ಎಲ್ಲ ಸೀಟಿಗೂ ಹೊಸ ಬೆಲ್ಟು ಹಾಕಿಸಿದೆ. ನನಗೆ ಕಾರು ಬರುತ್ತಿತ್ತು. ಅದೇ ಸಾಕೆಂದುಕೊಂಡಿದ್ದೆ.

ಕಲಿಸಲು ಹಲ್ಲಿನ ಡಾಕ್ಟರನ್ನೇ ಕೇಳಬೇಕಾಯಿತು. ಅವರು ಆ ಭಾನುವಾರದ ಮೇಲೆ ತಮ್ಮ ಗಾಡಿಯನ್ನು ಗುಡ್ಡಕ್ಕೆ ಒಯ್ದಿರಲಿಲ್ಲ. ಮೊದಲು ಆಗುವುದಿಲ್ಲ ಎಂದರು, ನಾನು ಒಬ್ಬಳೇ ಹೋಗುತ್ತೇನೆ ಎಂದ ಮೇಲೆ ಬಂದರು. ನಿಟ್ಟುವಳ್ಳಿಯಾಚೆ ಮಾರಾಟವಾಗದ ಸೈಟುಗಳ ಒಂದು ಲೇಔಟು ಇದೆ. ಚರಂಡಿಗೆಂದು ತೋಡಿ ಬಿಟ್ಟ ಕಾಲುವೆ, ಸುರಿದು ಮರೆತ ಮಣ್ಣಿನ ಗುಡ್ಡೆಗಳು, ಗುರುತಿನ ಕಲ್ಲುಗಳ ಮಧ್ಯೆ ಜಾಲಿ. ಅದೇ ನನ್ನ ಶಾಲೆಯಾಯಿತು.

ಮೊದಲ ದಿನ ಗಾಡಿ ಸ್ಟಾರ್ಟ್ ಮಾಡಲೂ ಬಿಡಲಿಲ್ಲ. “ಇಳೀರಿ ಅಕ್ಕ” ಎಂದು ಹಿಂದಿನ ಬಾಗಿಲು ತೆಗೆಸಿದರು. ಒಳಗೆ ಜಾಕು, ಸನಿಕೆ, ಪಾನಾ ಪೆಟ್ಟಿಗೆ ಸಡಿಲವಾಗಿ ಬಿದ್ದಿದ್ದವು.

“ಗಾಡಿ ಉರುಳಿದ್ರೆ ಮೊದ್ಲು ತಲೀಗೆ ಬಡಿಯೋದು ಇವೇ. ಕಟ್ರಿ.”

ಕಟ್ಟಿದೆ. ಬೆಲ್ಟು ಹಾಕಿಸಿ, ಎಳೆದು ನೋಡಿದರು. ಸ್ಟೀರಿಂಗಿನ ಒಳಗೆ ಹೆಬ್ಬೆರಳು ಸಿಕ್ಕಿಸಿ ಹಿಡಿದಿದ್ದೆ, ಅದನ್ನು ಹೊರಗೆ ತೆಗೆಸಿದರು. ಗಾಲಿ ಕಲ್ಲಿಗೆ ಬಡಿದರೆ ಸ್ಟೀರಿಂಗು ಗಿರ್ರನೆ ತಿರುಗುತ್ತದೆ, ಬೆರಳು ಮುರಿಯುತ್ತದೆ ಎಂದರು. ಮರಳಿಗೆ ಹೋಗುವ ಮುಂಚೆ ಟೈರಿನ ಗಾಳಿ ಇಳಿಸಬೇಕು, ಟೈರು ಅಗಲವಾದರೆ ಹೂಳುವುದಿಲ್ಲ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಬೇಕು ಎಂದರು. ಬಾಯಿ ತೆರೆಯಿರಿ, ಉಗುಳಿರಿ ಎಂದು ರೋಗಿಗಳಿಗೆ ಹೇಳುವ ದನಿಯಲ್ಲೇ ಎಲ್ಲ ಹೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಇಳಿಜಾರು ನನಗೆ ಬಹಳ ದಿನ ಬರಲಿಲ್ಲ. ಗಾಡಿಯ ಮೂತಿ ಕೆಳಗಾದ ಕೂಡಲೇ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಗಾಲಿ ತಿರುಗದೆ ಕಚ್ಚಿಕೊಂಡು, ಗಾಡಿ ಪಕ್ಕಕ್ಕೆ ಜಾರುತ್ತಿತ್ತು.

“ಕಾಲು ತೆಗೀರಿ! ಎರಡೂ ಕಾಲು ತೆಗೀರಿ! ಗೇರಿನ ಪಕ್ಕದ ಚಿಕ್ಕ ಲಿವರ್ ಹಾಕೈತಲ್ಲ, ನಾಲ್ಕೂ ಗಾಲಿಗೆ ಎಳೆತ ಐತೆ, ಮೊದಲ್ನೇ ಗೇರಾಗ ಇಂಜಿನ್ನೇ ಹಿಡ್ಕೊಂತೈತೆ. ನೀವು ನೆಟ್ಟಗೆ ಹಿಡೀರಿ, ಅಷ್ಟೇ. ಇಳಿಜಾರಾಗ ಅಡ್ಡ ತಿರುಗಿಸಬ್ಯಾಡ್ರಿ. ಹತ್ತಿದ್ರೆ ನೆಟ್ಟಗೆ, ಇಳಿದ್ರೆ ನೆಟ್ಟಗೆ. ಹತ್ತಲಿಲ್ಲ ಅಂದ್ರೆ ರಿವರ್ಸ್ ಹಾಕಿ ನೆಟ್ಟಗೆ ವಾಪಸ್.”

ನಾನು ಗಾಡಿ ನಿಲ್ಲಿಸಿದೆ. “ಇದೆಲ್ಲ ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ. ನನಗೆ ಅಡ್ಡ ತಿರುಗಿಸಬ್ಯಾಡ ಅಂತ ಹೇಳಿಕೊಟ್ಟೋರೇ ಅವ್ರು.”

ಆ ದಿನ ನಾನು ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಗೊತ್ತಿಲ್ಲದೆ ಸತ್ತಿದ್ದರೆ ಪಾಪ ಅನ್ನಬಹುದಿತ್ತು. ಗೊತ್ತಿದ್ದೂ ಹೀಗೆ ಮಾಡಿಕೊಂಡವರಿಗೆ ಏನನ್ನುವುದು? ಸತ್ತವರನ್ನು ಬೈಯಲೂ ಆಗದೆ ಬಕೆಟ್ಟನ್ನು ಒದ್ದೆ.

ಆದರೂ ಕಲಿತೆ. ನಿಧಾನವೇ ಪ್ರಧಾನ ಎಂಬುದನ್ನು ಶಾಲೆಯ ಗೋಡೆಯ ಮೇಲೆ ಓದಿದ್ದೆ, ಮೈಗೆ ಬಂದದ್ದು ಆಗ. ಹೂತುಕೊಂಡರೆ ಇಂಜಿನ್ನನ್ನು ರೊಯ್ಯೆನಿಸದೆ ಇಳಿದು ಸನಿಕೆ ಹಿಡಿಯುವುದು, ಗೊತ್ತಿಲ್ಲದ ಜಾಗವನ್ನು ಮೊದಲು ಕಾಲಿನಿಂದ ನಡೆದು ನೋಡುವುದು, ಸಂಶಯ ಬಂದರೆ ವಾಪಸಾಗುವುದು. ಕೊನೆಗೆ ಡಾಕ್ಟರು, ಅತ್ತೆಯನ್ನು ಕೂರಿಸುವ ಮುಂಚೆ ನೀವೊಮ್ಮೆ ಆ ದಾರಿಯನ್ನು ನಡೆದು ನೋಡಬೇಕು ಎಂದು ನನ್ನನ್ನು ಹರಿಹರಕ್ಕೆ ಕರೆದೊಯ್ದರು. ಇಟ್ಟಿಗೆ ಭಟ್ಟಿಗಳನ್ನು ದಾಟಿ, ಭತ್ತದ ಗದ್ದೆಯ ಬದಿಯಲ್ಲಿ, ಜಾಲಿಯ ಸಂದಿನಲ್ಲಿ ನಡೆದು, ದಡ ಇಳಿದು ಮರಳಿಗೆ ಬಂದೆವು. ಗುಂಡಿ ಅಲ್ಲೇ ಇತ್ತು. ನಾನು ತಲೆ ಎತ್ತಿದೆ. ಹೊಳೆಯ ಮೇಲೆ ರೈಲಿನ ಸೇತುವೆ ಕಾಣುತ್ತಿತ್ತು. ಆಚೆ ದಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಕಲ್ಲಿಗೆ ಬಡಿಯುವ ಸದ್ದು ನೀರಿನ ಮೇಲಿಂದ ಬರುತ್ತಿತ್ತು. ಗುಂಡಿಯೊಳಗೆ ಇಳಿದು ನೋಡಿದೆ. ಅಲ್ಲಿಂದ ಹೆಂಗಸರು ಕಾಣುವುದಿಲ್ಲ. ಸೇತುವೆ ಕಾಣುತ್ತದೆ.

ನನ್ನ ಸಿಟ್ಟು ಅಲ್ಲೇ ಕರಗಿತು ಎನ್ನಲಾರೆ. ಆದರೆ ಇದನ್ನು ಆ ಮುದುಕಿಗೆ ತೋರಿಸಬಾರದು ಎನ್ನಿಸಿತು. ಇಷ್ಟು ಹತ್ತಿರ, ಇಷ್ಟು ಜನರ ನಡುವೆ, ಮಗ ಮಧ್ಯಾಹ್ನದವರೆಗೂ ಬದುಕಿದ್ದ ಎಂದು ಗೊತ್ತಾದರೆ ಅವರು ಉಳಿಯುವುದಿಲ್ಲ.

ವಾಪಸು ಬರುವಾಗ ಡಾಕ್ಟರು ಹೇಳಿದರು. “ಇನ್ನೊಂದೈತೆ ಅಕ್ಕ. ಎಲ್ಲಿಗೆ ಹೊಂಟೀವಿ, ಯಾವ ದಾರಿ, ಎಷ್ಟೊತ್ತಿಗೆ ಬರ್ತೀವಿ, ಇದನ್ನ ಒಬ್ರಿಗೆ ಹೇಳೇ ಹೊರಡಬೇಕು. ಇದು ಮೊದಲ್ನೇ ಪಾಠ. ನನಗೆ ಬಾಯಿ ಬರಲಿಲ್ಲ, ಕೊನೀಗೆ ಹೇಳ್ತಿದೀನಿ.”

“ನಮ್ಮನ್ಯಾಗ ಕೇಳಂಗಿಲ್ಲ ಡಾಕ್ಟ್ರೇ.”

“ನಮ್ಮನ್ಯಾಗೂ ಕೇಳಂಗಿಲ್ಲ.”

ಅತ್ತೆಗೆ ಹೊಳೆ ಏರಿದೆ ಎಂದೆ, ಗಾಡಿ ಕೆಟ್ಟಿದೆ ಎಂದೆ. ಅವರು ಹೊಸ ಸೀರೆಯನ್ನು ಮಡಿಸಿ ಮಂಚದ ಮೇಲೆ ಇಟ್ಟುಕೊಂಡು ದಿನವೂ ಕಾದರು. ನನ್ನ ನೆಪಗಳು ಮುಗಿದವು. ಡಾಕ್ಟರು ತಮ್ಮ ಗಾಡಿಯಲ್ಲಿ ಹಿಂದೆ ಬರಲು ಅತ್ತೆ ಒಪ್ಪಿದರು, ಕಣ್ಣಿಗೆ ಕಾಣದಷ್ಟು ಹಿಂದೆ ಇರಲಿ ಎಂಬ ಮಾತಿನ ಮೇಲೆ. ಹೊರಡುವ ಬೆಳಿಗ್ಗೆ ನಾನು ಪಕ್ಕದ ಮನೆಯ ಗೇಟಿನ ಹತ್ತಿರ ಹೋಗಿ, ಅಲ್ಲಿ ಹೂ ಬಿಡಿಸುತ್ತಿದ್ದ ಟೀಚರಮ್ಮನಿಗೆ, ನಾವು ಹರಿಹರದಾಚೆ ಇಟ್ಟಿಗೆ ಭಟ್ಟಿಯ ದಾರಿಯಲ್ಲಿ ಹೊಳೆಗೆ ಹೋಗುತ್ತಿದ್ದೇವೆ, ಮಧ್ಯಾಹ್ನ ಊಟಕ್ಕೆ ಬರುತ್ತೇವೆ, ಬರದಿದ್ದರೆ ಫೋನು ಮಾಡಿ ಎಂದು ಗಟ್ಟಿಯಾಗಿ ಹೇಳಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದರು. “ಅಯ್ಯೋ, ನಾನು ಕೇಳಲಿಲ್ಲಲ್ರಿ!” ಅತ್ತೆ ಜೀಪಿನಲ್ಲಿ ಕೂತು ಮುಂದಕ್ಕೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಹರಿಹರ ದಾಟಿ ಡಾಂಬರು ಮುಗಿದಲ್ಲಿ ಗಾಳಿ ಇಳಿಸಿದೆ. ಅತ್ತೆಯ ಬೆಲ್ಟನ್ನು ಮತ್ತೊಮ್ಮೆ ಎಳೆದು ನೋಡಿದೆ. ದಡದ ಅಂಚಿಗೆ ಬಂದಾಗ ಇಳಿದು, ಕೋಲು ಹಿಡಿದು ಕೆಳಗಿನವರೆಗೆ ನಡೆದು ಬಂದೆ. ಮತ್ತೆ ಹತ್ತಿ ಕೂತು, ಚಿಕ್ಕ ಲಿವರ್ ಹಾಕಿ, ಮೊದಲನೇ ಗೇರಿನಲ್ಲಿ ಗಾಡಿಯ ಮೂತಿಯನ್ನು ಕೆಳಗೆ ಬಿಟ್ಟೆ. ಎದುರಿನ ಗಾಜಿನ ತುಂಬ ಬರೀ ಮರಳು. ಅತ್ತೆ “ಶಿವ ಶಿವ” ಎಂದು ಕಮಾನಿನ ಕಬ್ಬಿಣ ಹಿಡಿದುಕೊಂಡರು. ಕಾಲು ಬ್ರೇಕಿಗೆ ಹೋಗಲು ಚಡಪಡಿಸಿತು, ಬಿಡಲಿಲ್ಲ. ಎಮ್ಮೆ ಗುರುಗುಟ್ಟುತ್ತಾ ತಾನೇ ಇಳಿಯಿತು.

ಗುಂಡಿಗೆ ದೂರದಲ್ಲೇ ನಿಲ್ಲಿಸಿದೆ. ಕೈ ಹಿಡಿದು ಇಳಿಸಿ, ಮರಳ ಮೇಲೆ ಟವೆಲು ಹಾಸಿ ಕೂರಿಸಿದೆ. ಗುಂಡಿಯ ತಳದಲ್ಲಿ ಒಂದಿಷ್ಟು ನೀರು ಜಿನುಗಿ ನಿಂತಿತ್ತು. ಅವರು ಅದನ್ನು ಒಮ್ಮೆ ನೋಡಿ ಕಣ್ಣು ತೆಗೆದರು. ಅಷ್ಟರಲ್ಲಿ ರೈಲು ಬಂತು. ಸೇತುವೆ ಧಡಧಡ ಎಂದಿತು. ಬಾಗಿಲಲ್ಲಿ ನಿಂತವರ ಅಂಗಿಯ ಬಣ್ಣ ಕೂಡ ಕಾಣುತ್ತಿತ್ತು. ಅದು ದಾಟುವವರೆಗೂ ಅತ್ತೆ ಕತ್ತು ತಿರುಗಿಸಿ ನೋಡಿದರು.

“ಅಲ್ಲಿ ಬಟ್ಟೆ ಒಗೀತಾರಲ್ಲ. ಭಾನ್ವಾರನೂ ಬರ್ತಾರಾ?”

ನಾನು ಅವರ ಸೆರಗಿಗೆ ಅಂಟಿದ ಮರಳನ್ನು ಕೊಡವಿದೆ.

“ಇಲ್ಲೇ ಅಂದಿದ್ದ” ಎಂದರು. “ಇಲ್ಲೇ ಇದ್ದ ನೋಡು.”

“ತಕ್ಷಣ ಹೋಗ್ಯಾರ್ರಿ ಅತ್ತೆ. ಯಾರು ಬಂದಿದ್ರೂ ಅಷ್ಟೇ ಇತ್ತು.”

ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ. “ಸುಳ್ಳು ಹೇಳಬ್ಯಾಡವ್ವ. ಅವನ ಕೈ ತೊಳದೋಳು ನಾನು. ಹತ್ತೂ ಉಗುರಾಗ ಮರಳಿತ್ತು. ಕಡ್ಡಿ ಹಾಕಿ ತೆಗದೀನಿ.”

ಅಂದರೆ ಮೊದಲ ದಿನದಿಂದ ಗೊತ್ತಿತ್ತು. ಹೊಸಿಲು ಹಿಡಿದು ಕೂಗುವಾಗಲೂ ಗೊತ್ತಿತ್ತು, ನಾನು ಎದುರಿಗೆ ಕೂತು ಮಾತಿಲ್ಲದೆ ಉಣ್ಣುವಾಗಲೂ ಗೊತ್ತಿತ್ತು. ಆ ಕೈ ಎಷ್ಟು ಹೊತ್ತು ಮರಳು ಕೆದಕಿತೆಂಬುದನ್ನು ಅವರು ಒಬ್ಬರೇ ಇಷ್ಟು ದಿನ ಹೊತ್ತುಕೊಂಡಿದ್ದರು.

“ಕೇಳಿದ್ರೆ ಹೇಳ್ತಿದ್ದ” ಎಂದರು. “ನೀನು ಕೇಳಾಕ ಬಂದಿದ್ದಿ. ನಾನು ಬ್ಯಾಡ ಅಂದೆ.”

ಆ ಮಾತನ್ನು ಅವರ ಬಾಯಿಂದ ಹೊರಡಿಸಬೇಕೆಂದು ನಾನು ಎಷ್ಟು ಕಾದಿದ್ದೆ! ಈಗ ಬಂತು. ಬಂದಾಗ ಅದು ನನಗೆ ಬೇಡವಾಗಿತ್ತು. ಅವರ ಪಕ್ಕದಲ್ಲಿ ಮರಳ ಮೇಲೆಯೇ ಕೂತೆ. ಅವರ ಕೈ ತೆಗೆದುಕೊಂಡೆ, ತಣ್ಣಗಿತ್ತು. ಡಾಕ್ಟರ ಗಾಡಿ ದಡದ ಮೇಲೆ ಬಂದು ನಿಂತದ್ದು ಕಾಣಿಸಿತು, ಅವರು ಇಳಿದು ಬರಲಿಲ್ಲ.

ಫೋನು ಬಂತು. ಟೀಚರಮ್ಮ. ಹೊತ್ತಿನ್ನೂ ಆಗಿರಲಿಲ್ಲ, ಆದರೂ ತಡೆಯಲಾರದೆ ಮಾಡಿದ್ದರು. ಎಲ್ಲಿದ್ದೀರಿ ಎಂದು ಕೇಳಲು ಬಾಯಿ ಬಾರದೆ, “ಏನಿಲ್ರಿ, ಸುಮ್ನೆ ಮಾಡಿದೆ” ಎನ್ನುತ್ತಿದ್ದರು. ಅತ್ತೆ ಕೈ ಚಾಚಿ ಫೋನು ತೆಗೆದುಕೊಂಡರು.

“ಹರಿಹರದಾಗ ಅದೀವಿ. ಇಟ್ಟಿಗೆ ಭಟ್ಟಿ ದಾಟಿ, ಹೊಳ್ಯಾಗ, ರೈಲಿನ ಸೇತುವೆ ಕಾಣೋ ಜಾಗದಾಗ. ನನ್ನ ಮಗ ಬಿದ್ದಲ್ಲಿ. ಊಟಕ್ಕೆ ಬರ್ತೀವಿ.”

ಆಮೇಲೆ ಫೋನನ್ನು ನನಗೆ ಕೊಟ್ಟು, ಏಳಲು ಕೈ ಮುಂದೆ ಮಾಡಿದರು. ನಾನು ಅವರನ್ನು ಹತ್ತಿಸಿ, ಬೆಲ್ಟು ಹಾಕಿ, ಬಂದ ಗಾಲಿಯ ಗುರುತಿನ ಮೇಲೆಯೇ ಗಾಡಿಯನ್ನು ವಾಪಸು ಹೊಡೆದೆ.